ಒಗ್ಗರಣೆಗೆ ಮೊದಲು ನಾಯಿಯ ಪಾಲು

ಕಳೆದ ತಿಂಗಳು ಇದೇ ಪುಟದಲ್ಲಿ ಒಂದು ಸಾಲು ಬರೆದಿದ್ದೆ, "ನಾಯಿಗೆ ಮನೆ ಊಟವೂ ಆಗ್ತದೆ, ಪ್ಯಾಕೆಟಿನದ್ದೇ ಆಗಬೇಕೆಂದಿಲ್ಲ" ಅಂತ. ಅಷ್ಟೇ. ಅದಕ್ಕೆ ಬಂದ ಪತ್ರಗಳು ಒಂದು ಕಟ್ಟು ಆಗಿವೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ನಾಯಿಗಳೆಲ್ಲ ನನಗೆ ಹೆಸರು ಸಮೇತ ಪರಿಚಯವಾದ ಹಾಗಾಯಿತು. ದನ, ಆಡು, ಕೋಳಿಯ ಪ್ರಶ್ನೆ ಕಳಿಸಿದವರು ಬೇಸರ ಮಾಡಬೇಡಿ, ಈ ಸಲ ಪುಟ ಪೂರ್ತಿ ನಾಯಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮಲ್ಲಿ ಒಂದು ಊರ ನಾಯಿ ಉಂಟು. ಹೆಸರು ಬೊಗ್ಗ, ನಾಲ್ಕು ವರ್ಷ, 15 ಕಿಲೋ. ಮಧ್ಯಾಹ್ನ ಉಳಿದ ಅನ್ನ ಸಾಂಬಾರು, ರಾತ್ರಿ ಗಂಜಿ. ಇಷ್ಟು ವರ್ಷ ಹೀಗೇ ನಡೆದಿದೆ. ಈಗ ಬೆಂಗಳೂರಿನಿಂದ ಬಂದ ಮಗ "ಅನ್ನ ಹಾಕಿ ನಾಯಿಯನ್ನು ಕೊಲ್ತಾ ಇದ್ದೀರಿ" ಅಂತ ಗಲಾಟೆ. ಅನ್ನ ವಿಷವಾ? ಎಷ್ಟು, ಏನು ಹಾಕಬೇಕು?
(ಓದುಗಿ, ಬದಿಯಡ್ಕ)

ಉತ್ತರ: ಅನ್ನ ವಿಷವಲ್ಲ ಅಮ್ಮ. ಮಗನಿಗೆ ಒಂದು ವಿಷಯ ಹೇಳಿ. ಪಿಷ್ಟ ಅರಗಿಸುವ ಕಿಣ್ವಕ್ಕೆ ಬೇಕಾದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ಸಾಕುನಾಯಿಗಳಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ ಅಂತ 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಸಾವಿರಾರು ವರ್ಷ ನಮ್ಮ ಅಂಗಳದಲ್ಲೇ ಬಿದ್ದುಕೊಂಡು ನಾವು ಉಂಡದ್ದನ್ನೇ ತಿಂದು ಬಂದ ಪ್ರಾಣಿ ಅಲ್ವಾ, ಅನ್ನ ಅರಗಿಸುವುದನ್ನು ಕಲಿತುಬಿಟ್ಟಿದೆ. ಕುಚ್ಚಲಕ್ಕಿಯಾದರೂ ಸರಿ, ಬೆಳ್ತಿಗೆಯಾದರೂ ಸರಿ, ಚೆನ್ನಾಗಿ ಬೆಂದಿರಬೇಕು ಅಷ್ಟೆ.

ನನ್ನ ತಕರಾರು ಇರುವುದು ಸಾಂಬಾರಿನ ಮೇಲೆ. ಕೆಲವು ವರ್ಷದ ಹಿಂದೆ ಒಂದು ಮನೆಯವರು ನಾಯಿಯನ್ನು ಜೀಪಿನ ಹಿಂದೆ ಗೋಣಿಯ ಮೇಲೆ ಮಲಗಿಸಿಕೊಂಡು ಬಂದರು. ಮೂರು ದಿನದ ಹಿಂದೆ ಅವರಲ್ಲಿ ಮನೆ ಒಕ್ಕಲು. ಉಳಿದ ನೀರುಳ್ಳಿ ಬಜೆಯನ್ನು ಬಾಲ್ದಿಯಲ್ಲಿ ಹಾಕಿ ಹಿತ್ತಿಲಿನಲ್ಲಿ ಇಟ್ಟಿದ್ದಾರೆ, ಇವನು ರಾತ್ರಿ ಹೋಗಿ ಬಾಲ್ದಿ ನೆಕ್ಕಿ ಇಟ್ಟಿದ್ದಾನೆ. ಮರುದಿನ ಏನೂ ಇಲ್ಲ, ಎಂದಿನ ಹಾಗೆ ಬೊಗಳಿಕೊಂಡಿದ್ದ. ಮೂರನೇ ದಿನ ಎದ್ದು ನಿಲ್ಲಲು ಆಗುತ್ತಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಒಗೆದ ಬಿಳಿ ಪಂಚೆಯ ಹಾಗೆ, ಒಂದು ಚೂರು ಕೆಂಪಿಲ್ಲ. ಮೂತ್ರ ಹಾಲು ಹಾಕದ ಕಾಫಿಯ ಬಣ್ಣ. ನೀರುಳ್ಳಿಯಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತವೆ, ಅದಕ್ಕೆ ಮೂರ್ನಾಲ್ಕು ದಿನ ಹಿಡಿಯುತ್ತದೆ. ಹಾಗಾಗಿಯೇ ಯಾರಿಗೂ ನೀರುಳ್ಳಿಯ ಮೇಲೆ ಅನುಮಾನ ಬರುವುದಿಲ್ಲ. ಆ ನಾಯಿ ಉಳಿಯಿತು, ಆದರೆ ಹದಿನೈದು ದಿನ ಮನೆಯವರು ಸರಿಯಾಗಿ ನಿದ್ದೆ ಮಾಡಲಿಲ್ಲ.

ಲೆಕ್ಕ ಹೇಳುವುದಾದರೆ, ನಾಯಿಯ ತೂಕದ ಶೇ 0.5ಕ್ಕಿಂತ ಜಾಸ್ತಿ ನೀರುಳ್ಳಿ ಒಮ್ಮೆಗೇ ಹೊಟ್ಟೆಗೆ ಹೋದರೆ ತೊಂದರೆ ಖಾತ್ರಿ. ನಿಮ್ಮ ಬೊಗ್ಗನಿಗೆ ಅದು 75 ಗ್ರಾಮು, ಅಂದರೆ ಒಂದು ಮಧ್ಯಮ ಗಾತ್ರದ ನೀರುಳ್ಳಿ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಒಳ್ಳೆಯದಲ್ಲ. ಬೇಯಿಸಿದರೆ ವಿಷ ಹೋಗ್ತದೆ ಅನ್ನುವುದು ಸುಳ್ಳು. ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಹೋಗುವುದಿಲ್ಲ. ಬೆಳ್ಳುಳ್ಳಿ ಇನ್ನೂ ಖಾರ, ತೂಕಕ್ಕೆ ತೂಕ ನೋಡಿದರೆ ನೀರುಳ್ಳಿಗಿಂತ ಜೋರು. ಇನ್ನು ಹುಣಸೆಹುಳಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದು ನಾಯಿಗಳ ಕಿಡ್ನಿ ಕೆಡುವುದು ಹಳೆಯ ಸಂಗತಿ. ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬೇಕು ಅಂತ ಇತ್ತೀಚಿನ ವರ್ಷಗಳಲ್ಲಿ ಬಲವಾದ ಅನುಮಾನ ಬಂದಿದೆ. ಆ ಆಮ್ಲ ಹುಣಸೆಯಲ್ಲಿ ಧಾರಾಳ ಉಂಟು ಮಾರ್ರೆ! ನಾಲ್ಕು ವರ್ಷ ಸಾಂಬಾರು ತಿಂದೂ ಬೊಗ್ಗ ಆರಾಮ ಇದ್ದಾನಲ್ಲ ಅಂತ ನೀವು ಕೇಳಬಹುದು. ನಿಮ್ಮ ಸಾಂಬಾರು ತೆಳು ಇರಬೇಕು, ಅವನ ಅದೃಷ್ಟ ದಪ್ಪ ಇರಬೇಕು.

ಮಾಡಬೇಕಾದ್ದು ಇಷ್ಟೇ. ಬೇಳೆ, ತರಕಾರಿ ಬೆಂದ ಮೇಲೆ, ಹುಳಿ ಉಪ್ಪು ಖಾರ ಬೀಳುವ ಮೊದಲು, ಎರಡು ಸೌಟು ಬೇರೆ ಪಾತ್ರೆಗೆ ತೆಗೆದಿಡಿ. ತರಕಾರಿಯ ಜೊತೆ ನೀರುಳ್ಳಿಯನ್ನೂ ಹಾಕಿ ಬೇಯಿಸುವ ಅಭ್ಯಾಸ ಇದ್ದರೆ ಅದನ್ನು ಆಮೇಲೆ ಬೇರೆ ಹುರಿದು ಸೇರಿಸಿ. ನಾಯಿಗಾಗಿ ಬೇರೆ ಅಡುಗೆ ಬೇಡ, ಬೇರೆ ಪಾತ್ರೆ ಸಾಕು. ಉಳಿದದ್ದನ್ನು ಹಾಕುವುದಕ್ಕೂ ಮೊದಲೇ ತೆಗೆದಿಡುವುದಕ್ಕೂ ಇರುವ ವ್ಯತ್ಯಾಸದಲ್ಲೇ ಅರ್ಧ ಕಾಯಿಲೆ ತಪ್ಪುತ್ತದೆ.

ಈಗ ಅಳತೆ. ಅಂಗಳದಲ್ಲಿ ಓಡಾಡಿಕೊಂಡಿರುವ 15 ಕಿಲೋ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. ಬೆಂದ ಅನ್ನ 300 ಗ್ರಾಮು, ಎಲುಬು ತೆಗೆದ ಬೇಯಿಸಿದ ಕೋಳಿ 200 ಗ್ರಾಮು, ಬೇಯಿಸಿದ ಮೊಟ್ಟೆ ಒಂದು, ಚೀನಿಕಾಯಿಯೋ ಅಲಸಂಡೆಯೋ ಕ್ಯಾರೆಟ್ಟೋ ಒಂದು ಹಿಡಿ, ಒಂದು ಚಮಚ ಎಣ್ಣೆ. ಇದನ್ನು ಎರಡು ಹೊತ್ತಿಗೆ ಹಂಚಿ. ಕೋಳಿ ದಿನಾ ಆಗದಿದ್ದರೆ ಬೂತಾಯಿ ಮೀನು, ಮೊಟ್ಟೆ ಅದಲು ಬದಲು ಮಾಡಿ. ಇದರಲ್ಲಿ ಕ್ಯಾಲ್ಸಿಯಂ ಮಾತ್ರ ಬಹಳ ಕಡಿಮೆ, ಅದನ್ನು ಮರೆಯಬೇಡಿ. ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಗಂಧದ ಹಾಗೆ ನುಣ್ಣಗೆ ಪುಡಿ ಮಾಡಿಟ್ಟುಕೊಳ್ಳಿ. ದಿನಕ್ಕೆ ಅರ್ಧ ಟೀ ಚಮಚ ಹಾಕಿದರೆ ಹೆಚ್ಚು ಕಡಿಮೆ 1 ಗ್ರಾಮು ಕ್ಯಾಲ್ಸಿಯಂ ಸಿಗುತ್ತದೆ, ಇವನಿಗೆ ಅಷ್ಟು ಸಾಕು.

ಇಷ್ಟು ಮಾಡಿದರೂ ಪೂರ್ತಿ ಆಯಿತು ಅಂತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ನಾಯಿಯ ಮನೆ ಅಡುಗೆಯ 200 ವಿಧಾನಗಳನ್ನು ಪರೀಕ್ಷಿಸಿ 2013ರಲ್ಲಿ ವರದಿ ಕೊಟ್ಟರು. ಅದರಲ್ಲಿ ಶೇ 95ರಷ್ಟರಲ್ಲಿ ಏನಾದರೊಂದು ಪೋಷಕಾಂಶ ಕಡಿಮೆ ಇತ್ತು. ಪಶುವೈದ್ಯರು ಬರೆದ ವಿಧಾನಗಳೂ ಅದರಲ್ಲಿ ಸೇರಿದ್ದವು, ಹಾಗಾಗಿ ನಾನೇನೂ ದೊಡ್ಡ ಮಾತಾಡುವ ಹಾಗಿಲ್ಲ. ಸತು, ವಿಟಮಿನ್ ಇ, ವಿಟಮಿನ್ ಡಿ ಇಂಥವು ನಮ್ಮ ಅನ್ನ ಕೋಳಿಯಲ್ಲಿ ಸಾಲುವುದಿಲ್ಲ. ನಾಯಿಗೆಂದೇ ಇರುವ ಖನಿಜ ವಿಟಮಿನ್ ಪುಡಿಯನ್ನು ನಿಮ್ಮ ಊರಿನ ಪಶುವೈದ್ಯರ ಹತ್ತಿರ ಬರೆಸಿಕೊಳ್ಳಿ. ಅದರಲ್ಲೇ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ಬೇಕಾ ಬೇಡವಾ ಅಂತಲೂ ಕೇಳಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ, ಮಾಂಸ ಬೇಯಿಸುವ ಮಾತೇ ಇಲ್ಲ. ನಾಯಿಗೆ ಮೊಸರನ್ನ, ಕೆಲವೊಮ್ಮೆ ದೋಸೆ. ಅಡುಗೆಗೆ ನೀರುಳ್ಳಿಯೂ ಹಾಕುವುದಿಲ್ಲ, ಹಾಗಾಗಿ ನಮ್ಮ ನಾಯಿಗೆ ಭಯ ಇಲ್ಲ ಅಲ್ವಾ? ಆದರೆ ಕೂದಲು ಉದುರುತ್ತಾ ಉಂಟು.
(ಓದುಗರು, ನೀರ್ಚಾಲು)

ಉತ್ತರ: ನೀರುಳ್ಳಿ ಇಲ್ಲ, ಸರಿ. ತಂಬುಳಿಗೆ, ತಾಳಿಗೆ (ಪಲ್ಯಕ್ಕೆ) ಬೆಳ್ಳುಳ್ಳಿ ಒಗ್ಗರಣೆ ಬೀಳುವುದಿಲ್ಲವಾ? ಹಾಗಾಗಿ ಮೇಲಿನ ಉತ್ತರ ನಿಮಗೂ ಸೇರಿತು.

ಕೂದಲು ಉದುರುವುದಕ್ಕೆ ಉಣ್ಣಿ, ಕಜ್ಜಿ, ಹುಳ ಅಂತ ನೂರು ಕಾರಣ ಇರಬಹುದು, ಮೊದಲು ಯಾರಿಗಾದರೂ ತೋರಿಸಿ. ಆದರೆ ಬರೀ ಮೊಸರನ್ನದಲ್ಲಿ ಪ್ರೊಟೀನು ತೀರಾ ಕಡಿಮೆ, ಅದಂತೂ ನಿಜ. 10 ಕಿಲೋ ನಾಯಿ ಅಂತ ಇಟ್ಟುಕೊಳ್ಳಿ. ಅದಕ್ಕೆ ದಿನಕ್ಕೆ 25ರಿಂದ 30 ಗ್ರಾಮು ಪ್ರೊಟೀನು ಸಿಕ್ಕರೆ ಒಳ್ಳೆಯದು. 300 ಗ್ರಾಮು ಅನ್ನ, 100 ಗ್ರಾಮು ಮೊಸರು ಸೇರಿಸಿದರೂ 12 ದಾಟುವುದಿಲ್ಲ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಮೊಟ್ಟೆ ಆಗಬಹುದಾ? ಒಂದು ಮೊಟ್ಟೆಗೆ 6 ಗ್ರಾಮು ಪ್ರೊಟೀನು ಬರುತ್ತದೆ, ಅದೂ ಒಳ್ಳೇ ಜಾತಿಯದ್ದು. ಅಡುಗೆಮನೆಗೆ ತರುವುದು ಬೇಡವೆಂದರೆ ಬಚ್ಚಲ ಒಲೆಯಲ್ಲಿ ಹಳೇ ಚೆಂಬಿನಲ್ಲಿ ಬೇಯಿಸಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಜ್ಜಿ ಜಪಕ್ಕೆ ಕೂತ ಹೊತ್ತು ನೋಡಿ ಮೊಮ್ಮಗ ಈ ಕೆಲಸ ಮಾಡುತ್ತಿದ್ದ, ಅಜ್ಜಿಗೆ ಎಲ್ಲಾ ಗೊತ್ತಿತ್ತು. ಹಸಿ ಮೊಟ್ಟೆ ಬೇಡ, ಹಸಿ ಬಿಳಿಯಲ್ಲಿ ಬಯೋಟಿನ್ ಅನ್ನುವ ವಿಟಮಿನ್ನನ್ನು ಕಟ್ಟಿಹಾಕುವ ಒಂದು ವಸ್ತು ಉಂಟು. ಬಯೋಟಿನ್ ಕಡಿಮೆಯಾದರೆ ಹೋಗುವುದೇ ಕೂದಲು.

ಮೊಟ್ಟೆಯೂ ಆಗದೆಂದರೆ ಅನ್ನ ಕಡಿಮೆ ಮಾಡಿ ಗಟ್ಟಿ ತೊಗರಿಬೇಳೆ, ಹೆಸರುಬೇಳೆ, ಮೊಸರು, ಪನೀರು ಜಾಸ್ತಿ ಮಾಡಿ. ಬೇಳೆ ಕೈಯಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಬೇಕು. ನಾಯಿ ಬೆಕ್ಕಿನ ಹಾಗಲ್ಲ, ಸಸ್ಯಾಹಾರದಲ್ಲಿ ಬದುಕಬಲ್ಲದು, ಆದರೆ ಅದಕ್ಕೆ ಲೆಕ್ಕಾಚಾರ ಬೇಕು, ಬಿ12 ಮತ್ತು ವಿಟಮಿನ್ ಡಿ ಮೇಲಿನಿಂದ ಕೊಡಬೇಕು. ಆ ಲೆಕ್ಕಾಚಾರ ಕಷ್ಟ ಅನಿಸಿದರೆ ಅರ್ಧ ಊಟ ಪ್ಯಾಕೆಟಿನದ್ದು ಮಾಡಿಬಿಡಿ, ಅದರಲ್ಲಿ ಅವಮಾನ ಏನಿಲ್ಲ. ದೋಸೆ ಬೆಂದದ್ದು ಒಂದು ತುಂಡು ಪರವಾಗಿಲ್ಲ. ಹುದುಗಿದ ಹಸಿ ಹಿಟ್ಟಿನ ಪಾತ್ರೆಗೆ ಮುಚ್ಚಳ ಗಟ್ಟಿ ಇರಲಿ.

ಪ್ರಶ್ನೆ: ಬೂತಾಯಿ ತಲೆ, ಬಂಗುಡೆ ಮುಳ್ಳು, ಕೋಳಿ ಎಲುಬು ನಾಯಿಗೆ ಹಾಕ್ತೇವೆ. ಮೀನು ಜಾಸ್ತಿ ಸಿಕ್ಕಿದಾಗ ಹಸಿಯೇ ಹಾಕುವುದೂ ಉಂಟು. ಕೆಲವರು ಬೇಡ ಅಂತಾರೆ.
(ಓದುಗರು, ಉಪ್ಪಳ)

ಉತ್ತರ: ಬೂತಾಯಿ ನಾಯಿಗೆ ಬಹಳ ಒಳ್ಳೆಯದು. ಒಮೇಗಾ 3 ಕೊಬ್ಬು ಅಂತ ಪೇಟೆಯಲ್ಲಿ ಮಾತ್ರೆ ಮಾಡಿ ಮಾರುತ್ತಾರಲ್ಲ, ಅದು ಇದರಲ್ಲಿ ಬೇಕಾದಷ್ಟು ಉಂಟು. ನಿಮಗೆ ದಡದಲ್ಲೇ ಸಿಗುತ್ತದೆ. ಆದರೆ ಬೇಯಿಸಿ ಹಾಕಿ. ಕೆಲವು ಹಸಿ ಮೀನುಗಳಲ್ಲಿ ಬಿ1 ವಿಟಮಿನ್ನನ್ನು ಒಡೆಯುವ ಕಿಣ್ವ ಇರುತ್ತದೆ, ದಿನಾ ತಿಂದರೆ ನಾಯಿಗೆ ನರದ ತೊಂದರೆ ಬರಬಹುದು. ಬಿಸಿ ತಾಗಿದರೆ ಆ ಕಿಣ್ವ ಹೋಯಿತು.

ಮುಳ್ಳಿನ ವಿಷಯಕ್ಕೆ ಕುಕ್ಕರಿನ ಉಪಾಯ ಉಂಟು. ಸಣ್ಣ ಬೂತಾಯಿಯನ್ನು ಸ್ವಲ್ಪ ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಡಿ. ಮುಳ್ಳು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹಾಗೆ ಪುಡಿಯಾದರೆ ಅನ್ನಕ್ಕೆ ಕಲಸಿ, ಕ್ಯಾಲ್ಸಿಯಂ ಕೂಡ ಆಯಿತು. ಬಂಗುಡೆಯ ನಡುಮುಳ್ಳು ಗಟ್ಟಿ, ಅದನ್ನು ತೆಗೆದುಬಿಡಿ. ಬೇಯಿಸಿದ ಕೋಳಿ ಎಲುಬು ಮಾತ್ರ ಬೇಡವೇ ಬೇಡ. ಬೆಂದ ಎಲುಬು ಕಚ್ಚಿದರೆ ಬಿದಿರು ಸೀಳಿದ ಹಾಗೆ ಚೂಪಾಗಿ ಸೀಳುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಕರುಳು ತೂತಾಗುವುದು ಎರಡನ್ನೂ ನಾನು ನೋಡಿದ್ದೇನೆ. "ನಮ್ಮ ಅಜ್ಜನ ಕಾಲದಿಂದ ಹಾಕ್ತಾ ಇದ್ದೇವೆ" ಅಂತ ಹೇಳುವವರಿದ್ದಾರೆ. ಅಜ್ಜನ ಕಾಲದಲ್ಲಿ ನಾಯಿ ಸತ್ತರೆ ಹೊಟ್ಟೆ ಕೊಯ್ದು ಕಾರಣ ಯಾರೂ ನೋಡುತ್ತಿರಲಿಲ್ಲ.

ಇನ್ನೊಂದು, ಮನುಷ್ಯರಿಗೆ ಬೇಡವಾದ ಹಳಸಿದ ಮೀನು ನಾಯಿಗಾಗ್ತದೆ ಅನ್ನುವ ಲೆಕ್ಕ ಬಿಡಿ. ಬಂಗುಡೆ, ಬೂತಾಯಿ ಐಸಿಲ್ಲದೆ ಕೂತರೆ ಅದರಲ್ಲಿ ಹಿಸ್ಟಮಿನ್ ತುಂಬಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಒಣಮೀನು ಉಪ್ಪಿನ ಗಣಿ. ಹಾಕಬೇಡಿ.

ಪ್ರಶ್ನೆ: ಅಡಿಕೆ ಜಜ್ಜಿ ಬೆಲ್ಲದಲ್ಲಿ ಕೊಟ್ಟರೆ ನಾಯಿಯ ಹೊಟ್ಟೆಹುಳ ಹೋಗ್ತದೆ ಅಂತ ನಮ್ಮ ಮಾವ ಹೇಳ್ತಾರೆ. ನಿಜವಾ? ನಮ್ಮ ನಾಯಿ ಅಂಗಳದಲ್ಲಿ ಒಣಹಾಕಿದ ಕೊಕ್ಕೋ ಬೀಜವನ್ನೂ ಮೂಸಿಕೊಂಡು ತಿರುಗ್ತದೆ.
(ಓದುಗಿ, ಪೆರ್ಲ)

ಉತ್ತರ: ಮಾವ ಹೇಳುವುದು ಸುಳ್ಳಲ್ಲ, ಅದೇ ಕಷ್ಟ. ಅಡಿಕೆಯಲ್ಲಿರುವ ಅರೆಕೋಲಿನ್ ಒಂದು ಕಾಲದಲ್ಲಿ ನಿಜವಾಗಿ ನಾಯಿಯ ಲಾಡಿಹುಳದ ಮದ್ದಾಗಿತ್ತು. ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳನ್ನು ಸಾಲಾಗಿ ಕಟ್ಟಿ ಸರಕಾರದವರೇ ಇದನ್ನು ಕುಡಿಸುತ್ತಿದ್ದರು. ಆದರೆ ಅದು ಹುಳವನ್ನು ಕೊಲ್ಲುವ ಮದ್ದಲ್ಲ. ಹುಳಕ್ಕೆ ಹಿಡಿತ ತಪ್ಪುವ ಹಾಗೆ ಮಾಡಿ, ನಾಯಿಗೆ ಜೋರು ಭೇದಿ ಮಾಡಿಸಿ, ಹೊರಗೆ ತಳ್ಳುತ್ತದೆ. ಸ್ವಲ್ಪ ಹೆಚ್ಚಾದರೆ ಜೊಲ್ಲು, ವಾಂತಿ, ಉಸಿರಾಟದ ಕಷ್ಟ, ಎದೆಬಡಿತ ನಿಧಾನ. ಒಂದು ಅಡಿಕೆಯಲ್ಲಿ ಎಷ್ಟು ಅರೆಕೋಲಿನ್ ಉಂಟು ಅಂತ ನಿಮ್ಮ ಮಾವನೂ ಹೇಳಲಾರರು, ನಾನೂ ಹೇಳಲಾರೆ, ಒಣಗಿದ ಚಾಲಿಗೊಂದು ಹಸಿಯದ್ದಕ್ಕೊಂದು. ಈಗ ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಸೇರಿದ ಮಾತ್ರೆ ಸಿಗುತ್ತದೆ, ತೂಕಕ್ಕೆ ಸರಿಯಾಗಿ ಮೂರು ತಿಂಗಳಿಗೊಮ್ಮೆ ಕೊಟ್ಟರಾಯಿತು. ಅಡಿಕೆಯನ್ನು ಮಾವನಿಗೇ ಬಿಡಿ.

ಕೊಕ್ಕೋ ವಿಷಯಕ್ಕೆ ನೀವು ಪತ್ರದಲ್ಲಿ ಒಂದೇ ಸಾಲು ಬರೆದಿದ್ದೀರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಚಾಕೊಲೇಟ್ ನಾಯಿಗೆ ಆಗದು ಅಂತ ಈಗ ಮಕ್ಕಳಿಗೂ ಗೊತ್ತುಂಟು. ಆದರೆ ಚಾಕೊಲೇಟ್ ಎಲ್ಲಿಂದ ಬರುತ್ತದೆ? ನಮ್ಮ ಅಡಿಕೆ ತೋಟದ ನೆರಳಿನಿಂದಲೇ. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಆದ ಮೇಲೆ ಬೀಜಕ್ಕೆ ಹತ್ತಿರದಲ್ಲೇ ಗಿರಾಕಿ ಸಿಕ್ಕಿತು. ಪೇಟೆಯವರು ಚಾಕೊಲೇಟನ್ನು ಕಪಾಟಿನೊಳಗೆ ಇಡುತ್ತಾರೆ, ನಾವು ಅದರ ಮೂಲವನ್ನೇ ಅಂಗಳದಲ್ಲಿ ಹರವಿ ಇಡುತ್ತೇವೆ.

ವಿಷದ ಹೆಸರು ಥಿಯೋಬ್ರೋಮಿನ್. ನಮ್ಮ ಮೈಯಿಂದ ಬೇಗ ಹೋಗುತ್ತದೆ, ನಾಯಿಯ ರಕ್ತದಲ್ಲಿ ಅರ್ಧ ಇಳಿಯಲು 17 ಗಂಟೆಗೂ ಜಾಸ್ತಿ ಬೇಕು. ಕಿಲೋ ತೂಕಕ್ಕೆ 20 ಮಿಲಿಗ್ರಾಮಿಗೆ ವಾಂತಿ, ಚಡಪಡಿಕೆ ಶುರು. 40ರಿಂದ 50ಕ್ಕೆ ಎದೆಬಡಿತ ತಪ್ಪುತ್ತದೆ, 60ಕ್ಕೆ ಫಿಟ್ಸ್ ಬರಬಹುದು. ಹಾಲು ಚಾಕೊಲೇಟಿನಲ್ಲಿ ಗ್ರಾಮಿಗೆ 2 ಮಿಲಿಗ್ರಾಮು ಇರುತ್ತದೆ, ಒಣಗಿದ ಕೊಕ್ಕೋ ಬೀಜದಲ್ಲಿ 10ಕ್ಕೂ ಮೇಲೆ. 12 ಕಿಲೋ ನಾಯಿಗೆ ಒಂದು ಹಿಡಿ ಬೀಜ ಸಾಕು. ಹಸಿ ಬೀಜದ ಮೇಲಿನ ಬಿಳಿ ತಿರುಳು ಸಿಹಿ, ಅದರ ಆಸೆಗೆ ನಾಯಿ ಬೀಜವನ್ನೂ ನುಂಗುತ್ತದೆ. ಒಣಹಾಕುವ ಜಾಗಕ್ಕೆ ಬಲೆ ಕಟ್ಟಿ, ಇಲ್ಲವಾದರೆ ಮಹಡಿಯ ಮೇಲೆ ಹಾಕಿ. ಗೇರುಬೀಜಕ್ಕೂ ಇದೇ ಮಾತು, ಅದರ ಸಿಪ್ಪೆಯ ಎಣ್ಣೆ ನಮ್ಮ ಕೈ ಸುಡುವ ಹಾಗೆ ನಾಯಿಯ ಬಾಯಿಯನ್ನೂ ಸುಡುತ್ತದೆ.

ಪ್ರಶ್ನೆ: ಲ್ಯಾಬ್ರಡಾರ್ ಮರಿ, ಮೂರೂವರೆ ತಿಂಗಳು. ಕೋಳಿ ಮತ್ತು ಅನ್ನ ಮಾತ್ರ ಕೊಡ್ತೇವೆ, ಚೆನ್ನಾಗಿ ತಿನ್ನುತ್ತದೆ. ಮುಂಗಾಲು ಸ್ವಲ್ಪ ಬಾಗಿದ ಹಾಗೆ ಕಾಣ್ತಾ ಉಂಟು. ಬೆಳಗ್ಗೆ ಬಿಸಿಲಿಗೆ ಕಟ್ಟಿದರೆ ಸರಿಯಾಗ್ತದಾ?
(ಓದುಗರು, ಕಾಸರಗೋಡು ಪೇಟೆ)

ಉತ್ತರ: ಈ ಪುಟ ಓದಿ ಮುಗಿಸುವ ಮೊದಲು ಮರಿಯನ್ನು ಎತ್ತಿಕೊಂಡು ಹೋಗಿ ಎಕ್ಸ್‌ರೇ ಮಾಡಿಸಿ.

ಕೋಳಿ ಮಾಂಸ 100 ಗ್ರಾಮಿನಲ್ಲಿ ರಂಜಕ ಸುಮಾರು 200 ಮಿಲಿಗ್ರಾಮು, ಕ್ಯಾಲ್ಸಿಯಂ ಬರೀ 15ರ ಆಸುಪಾಸು. ಮರಿಗೆ ಬೇಕಾದ್ದು ರಂಜಕದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ದರೆ ಮೈ ಸುಮ್ನೆ ಕೂರುವುದಿಲ್ಲ, ತನ್ನ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ಬಿಸಿಲಿನಿಂದ ಆಗುವುದು ಕಡಿಮೆ. ನಾಯಿಯ ಚರ್ಮ ನಮ್ಮ ಚರ್ಮದ ಹಾಗೆ ವಿಟಮಿನ್ ಡಿ ಮಾಡುವುದಿಲ್ಲ, ಅದು ಊಟದಿಂದಲೇ ಬರಬೇಕು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಭೇದಿಯಾದ ಒಂದು ಮರಿಗೆ "ಕೋಳಿ, ಅನ್ನ ಮಾತ್ರ ಕೊಡಿ" ಅಂದೆ. ಎಷ್ಟು ದಿನ ಅಂತ ಹೇಳಲಿಲ್ಲ. ಮನೆಯವರು ಪಾಪ, ಡಾಕ್ಟ್ರು ಹೇಳಿದ್ದಾರೆ ಅಂತ ಎರಡು ತಿಂಗಳು ಅದನ್ನೇ ಕೊಟ್ಟರು. ಸೋಫಾದಿಂದ ಹಾರಿ ಕಾಲು ಮುರಿದಾಗ ನನ್ನ ಹತ್ತಿರವೇ ತಂದರು. ಆಮೇಲೆ ಯಾವ ಚೀಟಿಯಲ್ಲೂ ದಿನದ ಲೆಕ್ಕ ಬರೆಯದೆ ಬಿಟ್ಟಿಲ್ಲ.

ಹಾಗಂತ ನೀವೇ ಅಂಗಡಿಯಿಂದ ಕ್ಯಾಲ್ಸಿಯಂ ಸಿರಪ್ ತಂದು ಸುರಿಯಬೇಡಿ. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿಯಾದರೂ ಎಲುಬು ಸೊಟ್ಟ ಬೆಳೆಯುತ್ತದೆ. ಮನೆ ಊಟದ ಪರವಾಗಿ ಇಷ್ಟು ಬರೆದ ನಾನೇ ಹೇಳುತ್ತಿದ್ದೇನೆ, ಲ್ಯಾಬ್ ಮರಿಗೆ ಒಂದು ವರ್ಷ ಆಗುವವರೆಗೆ ದೊಡ್ಡ ಜಾತಿಯ ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ಒಳ್ಳೆಯದು.

ಇನ್ನು ಸಣ್ಣ ಸಣ್ಣವು, ಪತ್ರಗಳಿಂದ ಹೆಕ್ಕಿದ್ದು.

ಹಾಲು ಕೊಡಬಹುದಾ? ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಮೊಸರು, ನೀರು ಮಜ್ಜಿಗೆ ಆಗಬಹುದು, ಉಪ್ಪು ಹಾಕದ್ದು.

ಹಲಸಿನ ಹಣ್ಣು? ಒಂದೆರಡು ಸೊಳೆ, ಬೀಜ ತೆಗೆದು. ಬೀಜ, ಸಾರೆ (ಸೊಳೆಯ ಸುತ್ತಲಿನ ನಾರು), ಮಾವಿನ ಗೊರಟು ಮೂರೂ ಕರುಳಲ್ಲಿ ಕಟ್ಟಿಕೊಳ್ಳುತ್ತವೆ. ಮಾವಿನ ಕಾಲದಲ್ಲಿ ವರ್ಷಕ್ಕೊಂದಾದರೂ ಗೊರಟಿನ ಆಪರೇಷನ್ ಬರುತ್ತದೆ.

ತೆಂಗಿನಕಾಯಿ? ಒಂದು ಸಣ್ಣ ಹೋಳು ಸರಿ. ಕೊಪ್ಪರ ಕದ್ದು ತಿನ್ನುವ ನಾಯಿಗೆ ಮೇದೋಜೀರಕದ ಉರಿಯೂತ ಬರಬಹುದು, ಕೊಬ್ಬು ಜಾಸ್ತಿ.

ಪಾಯಸ? ಒಣದ್ರಾಕ್ಷಿ ಇದೆಯಲ್ಲ, ಬೇಡ.

ಚಾದಲ್ಲಿ ಅದ್ದಿದ ಬಿಸ್ಕತ್ತು? ಇದನ್ನು ಹನ್ನೊಂದು ಜನ ಕೇಳಿದ್ದಾರೆ. ಬೇಡ ಅಂದರೆ ಯಾರೂ ನಿಲ್ಲಿಸುವುದಿಲ್ಲ ಅಂತ ನನಗೆ ಗೊತ್ತು. ಚಾ ಬಿಟ್ಟು, ಒಂದೇ ಒಂದು ಕೊಡಿ.

ಪ್ರಶ್ನೆ: ತಿನ್ನಬಾರದ್ದು ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಾ?
(ಓದುಗರು, ಮುಳ್ಳೇರಿಯ)

ಉತ್ತರ: ಬೇಡ. ಉಪ್ಪೇ ಇನ್ನೊಂದು ವಿಷ ಆಗುತ್ತದೆ. ಎಣ್ಣೆ, ಹುಣಸೆನೀರು, ಗಂಟಲಿಗೆ ಬೆರಳು ಯಾವುದೂ ಬೇಡ. ತಿಂದು ಎರಡು ಗಂಟೆಯೊಳಗೆ ಪಶು ಆಸ್ಪತ್ರೆಗೆ ತಲುಪಿದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು, ಹಾಗಾಗಿ "ನೋಡುವ, ಸಂಜೆಯವರೆಗೆ ಸರಿಯಾದೀತು" ಅಂತ ಕೂರಬೇಡಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ತಿಂದರೆ ಅದಕ್ಕಿಂತಲೂ ಅವಸರ ಮಾಡಿ. ಅದರಲ್ಲಿರುವ ಕ್ಸೈಲಿಟಾಲ್ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆಯನ್ನು ಇಳಿಸಿಬಿಡಬಹುದು.

ಹೊರಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ನಾಯಿಯ ತೂಕ, ತಿಂದದ್ದು ಏನು, ಎಷ್ಟು, ಎಷ್ಟು ಹೊತ್ತಿಗೆ ಅಂತ ಹೇಳಿ. ತಿಂದದ್ದರ ಕವರು, ವಾಂತಿ ಮಾಡಿದ್ದರೆ ಅದನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತನ್ನಿ. ಒಬ್ಬರು ಸಾಂಬಾರಿನ ಪಾತ್ರೆಯನ್ನೇ ಹೊತ್ತು ತಂದಿದ್ದರು. ಹೊರಗೆ ಕೂತವರೆಲ್ಲ ನಕ್ಕರು. ನಾನು ಸೌಟು ಹಾಕಿ ತಿರುವಿ ನೋಡಿದೆ, ಅಡಿಯಲ್ಲಿ ಸಣ್ಣ ನೀರುಳ್ಳಿ ಇಡೀ ಇಡೀಯಾಗಿ ಕೂತಿತ್ತು, ಎಣಿಸಿದರೆ ಇಪ್ಪತ್ತಕ್ಕೂ ಜಾಸ್ತಿ.